ಕರುಳಿನ ಮೆಟ್ಟಿಲು

ಕನ್ನಡ ಮೇಷ್ಟರಿಗೆ ಕರುಳು ಎಂದರೆ ತಾಯಿಯ ಮಮತೆ. ಅದು ಚುರ್ ಎನ್ನಬೇಕು, ಕಿತ್ತು ಬರಬೇಕು, ಹೆಚ್ಚೆಂದರೆ ಬಳ್ಳಿಯಾಗಿ ಹಬ್ಬಬೇಕು. ನಿವೃತ್ತನಾಗುವವರೆಗೂ ನಾನು ಅದಕ್ಕೆ ಬೇರೆ ಕೆಲಸ ಕೊಟ್ಟಿರಲಿಲ್ಲ. ಅದಕ್ಕೆ ನಿಜವಾಗಿ ಎಷ್ಟು ಕೆಲಸವಿದೆಯೆಂದು ತೋರಿಸಿದವಳು ತೀರ್ಥಹಳ್ಳಿಯ ನನ್ನ ತಮ್ಮನ ಮಗಳು ಶುಭಾ. ಕರುಳಿನಲ್ಲಿ ಹಾರ್ಮೋನು ತಯಾರಿಸುವ ಕೋಶಗಳು ಹೇಗೆ ಹುಟ್ಟುತ್ತವೆ ಎಂಬುದೇ ಅವಳ ಸಂಶೋಧನೆ.

ಹೊಸನಗರದ ಕಾಲೇಜೊಂದರಲ್ಲಿ ಅವಳು ಅದರ ಬಗ್ಗೆ ಮಾತಾಡಬೇಕಿತ್ತು, ಅದೂ ಕನ್ನಡದಲ್ಲಿ. ಹಿಂದಿನ ದಿನ ಸಾಗರದ ನಮ್ಮ ಮನೆಗೆ ಬಂದವಳ ಮುಖ ಬಾಡಿತ್ತು. "ದೊಡ್ಡಪ್ಪ, ಇಂಗ್ಲಿಷಲ್ಲಾದ್ರೆ ಎಂತ ಬೇಕಾದ್ರೂ ಹೇಳ್ತೀನಿ. ಕನ್ನಡದಲ್ಲಿ ಬಾಯೇ ಬರಲ್ಲ. ಮಕ್ಕಳು ನಕ್ಬಿಟ್ರೆ?" ಎಂದಳು. ಹಾರ್ಮೋನು ಕೋಶಗಳ ಹುಟ್ಟಿಗೆ ನಾನು ಹುರುಪಿನಿಂದ 'ಅಂತಃಸ್ರಾವಕೋಶೋತ್ಪತ್ತಿ' ಎಂಬ ಪದವನ್ನೇ ಸೃಷ್ಟಿಸಿ ಕೊಟ್ಟೆ. ನನ್ನ ಹೆಂಡತಿ ಕಮಲಾ, "ಇದನ್ನ ಹೇಳಿದ್ರೆ ಮಕ್ಕಳು ನಗಲ್ಲ ಕಣೇ, ಎದ್ದೇ ಹೋಗ್ತಾವೆ" ಎಂದಳು.

ಮರುದಿನ ಮೂವರೂ ಹೋದೆವು. ಶುಭಾ ಮೊದಲ ಚಿತ್ರ ತೋರಿಸುವಷ್ಟರಲ್ಲಿ ಕರೆಂಟು ಹೋಯಿತು. ಹಿಂದಿನ ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಅವಳು ದಿಕ್ಕುಗಾಣದೆ ನನ್ನತ್ತ ನೋಡಿದಳು. ನಾನು ಫ್ಯಾನಿನತ್ತ ನೋಡಿದೆ. ತಟ್ಟನೆ ಅವಳು, "ಎಲ್ಲ ಹೊರಗೆ ಬನ್ನಿ, ಮೆಟ್ಟಿಲ ಹತ್ರ" ಎಂದಳು.

ಕೆಳಗಿನ ಮೆಟ್ಟಿಲಲ್ಲಿ ಕೆಲವರನ್ನು ನಿಲ್ಲಿಸಿ ಹೇಳತೊಡಗಿದಳು: "ನೀವು ತಾಯಿಕೋಶಗಳು. ಕರುಳಿನ ಒಳಗೋಡೆಯ ಗುಣಿಗಳಲ್ಲಿ ಕೂತು ಮರಿ ಹಾಕ್ತಾನೇ ಇರ್ತೀರಿ. ಮರಿಗಳು ಮೇಲೆ ಹತ್ತಬೇಕು. ಹತ್ತುವಾಗಲೇ ಯಾರು ಏನಾಗೋದು ಅಂತ ತೀರ್ಮಾನ. ಹಾರ್ಮೋನು ಕೋಶ ಆಗೋರು ಕೈ ಎತ್ತಿ. ಒಬ್ರು ಎತ್ತಿದ್ರೆ ಪಕ್ಕದೋರು ಇಳಿಸಬೇಕು, ಯಾಕಂದ್ರೆ ಎತ್ತಿದೋರೇ ಅವರನ್ನ ತಡೀತಾರೆ. ಅದಕ್ಕೇ ಇವು ಬಹಳ ಕಮ್ಮಿ. ಆದ್ರೆ ಹೊಟ್ಟೆ ತುಂಬ್ತು, ಸಾಕು ಅಂತ ಮಿದುಳಿಗೆ ಸುದ್ದಿ ಕಳಿಸೋದು ಇವೇ!"

"ಮೇಲೆ ಹೋದೋರು ಎಂತ ಆಗ್ತಾರೆ ಮೇಡಂ?" ಎಂದಳೊಬ್ಬ ಹುಡುಗಿ.

"ಉದುರಿ ಹೋಗ್ತಾರೆ. ಅಷ್ಟರಲ್ಲಿ ಕೆಳಗಿಂದ ಹೊಸಬರು ಬಂದಿರ್ತಾರೆ."

ಗುಸುಗುಸು ಯಾವಾಗ ನಿಂತಿತೋ ತಿಳಿಯಲಿಲ್ಲ. ನಾವು ಹರಟುತ್ತಲೋ ಗೊರಕೆ ಹೊಡೆಯುತ್ತಲೋ ಇರುವಾಗ, ಯಾರ ಅಪ್ಪಣೆಗೂ ಕಾಯದೆ, ಒಳಗೆ ಇಷ್ಟೆಲ್ಲ ಹುಟ್ಟಿ, ಹತ್ತಿ, ಕೆಲಸ ಕಲಿತು, ಜಾಗ ಬಿಟ್ಟುಕೊಡುತ್ತಿದೆಯೇ! ನನಗೆ ರೋಮಾಂಚನವಾಯಿತು. ನನ್ನ ಪದದ ನೆನಪೂ ಇಲ್ಲದೆ ಶುಭಾ ಸಲೀಸಾಗಿ ಮಾತಾಡುತ್ತಿದ್ದಳು. ತಡೆಯಲಾರದೆ ನಾನೂ ಮೆಟ್ಟಿಲು ಹತ್ತಿ ಕೈ ಎತ್ತಿದೆ. ಪಕ್ಕದ ಹುಡುಗಿ ನನಗಿಂತ ಮೊದಲೇ ಎತ್ತಿದ್ದಳು.

"ದೊಡ್ಡಪ್ಪ, ಕೈ ಇಳಿಸಿ. ನೀವು ಬರೀ ಸಾಮಾನ್ಯ ಕೋಶ. ಬಂದ ಊಟಾನ ಹೀರಿಕೊಳ್ಳೋದಷ್ಟೇ ಕೆಲಸ."

"ಅದಕ್ಕೆ ಅವರಿಗೆ ತರಬೇತಿ ಬೇಡ ಬಿಡೇ" ಎಂದಳು ಕಮಲಾ ಕೆಳಗಿನಿಂದ.

ಇಡೀ ಕಾಲೇಜು ನಕ್ಕಿತು. ಶುಭಾ ಎಲ್ಲರಿಗಿಂತ ಜೋರಾಗಿ ನಕ್ಕಳು. ವಿಜ್ಞಾನಕ್ಕೆ ತಲೆಬಾಗಿ ನಾನು ಕೈ ಇಳಿಸಿದೆ.