ರೆಂಟಿ ಯಾರ ಮನೆಗೆ?

ರೇಸಿನ ಕಾಯ್ದೆ ಬದಲಾದಾಗಲೆಲ್ಲ ನಮ್ಮಲ್ಲಿ ಹೊಸ ನಮೂನೆಯ ಶಾಣ್ಯಾರು ಹುಟ್ಟುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ನಾಲ್ಕು ಟ್ರ್ಯಾಕ್ಟರುಗಳು ಸುಗ್ಗಿಯ ರಾಶಿ ಮುಗಿದ ಮೇಲೆ ನಮ್ಮ ಅಗರಖೇಡದ ಬಯಲಲ್ಲಿ ಓಡುತ್ತವೆ. ಇಂಡಿ ಕಡೆಯದು ನನ್ನ ಗಂಡನ ಟ್ರ್ಯಾಕ್ಟರ್. ಬಹುಮಾನ ಹೊಲ ಉಳುವ ಹೊಸ ರೆಂಟಿ. ನಮಗದು ಬೇಕೇ ಬೇಕಿತ್ತು. ಗಂಡನ ಅಣ್ಣ, ನಮ್ಮ ಭಾವನ ಮನೆಯಿಂದ ರೆಂಟಿ ಕೇಳಿ ತಂದಾಗಲೆಲ್ಲ ಅವನ ಹೆಂಡತಿ, ನನ್ನ ನೆಗೆಣ್ಣಿ, "ರೆಂಟಿ ಬೇಕಾದಾಗಷ್ಟೇ ನಮ್ಮ ನೆನಪಾಗ್ತೈತಿ" ಅನ್ನುತ್ತಿದ್ದಳು. ಹತ್ತನೆಯ ಇಯತ್ತೆ ಕಲಿತವಳೆಂದು ಅಂಕ ಬರೆಯುವ ಕೆಲಸ ನನಗೇ ಬಿತ್ತು. ಬಗಲಲ್ಲಿ ಕೂಸು, ಕೈಯಲ್ಲಿ ಪೆನ್ಸಿಲ್.

೧

ಮೊದಲ ವರ್ಷ ಮೂರು ಸುತ್ತು. ಸುತ್ತು ಗೆದ್ದವನಿಗಷ್ಟೇ ಅಂಕ. ಸಿಂದಗಿಯವನು ಎರಡು ಗೆದ್ದ. ಮೂರನೆಯದಕ್ಕೆ ರೇಸು ನಡೆಸುವ ಸಾಲಿ ಮಾಸ್ತರರು ನಿಶಾನಿ ಬೀಸಿದರೆ ಒಂದು ಗಾಡಿಯೂ ಅಲುಗಲಿಲ್ಲ. ನಾಲ್ವರೂ ಬೇವಿನ ಗಿಡದ ಕೆಳಗೆ ಚಹಾ ಕುಡಿಯುತ್ತಿದ್ದರು.

"ಓಡ್ರಿಪಾ!"

"ಯಾಕ್ರಿ ಮಾಸ್ತರ? ರೆಂಟಿ ಆಗ್ಲೇ ಸಿಂದಗಿಗೆ ಹೋತಲ್ರಿ. ನೀವೂ ಬರ್ರಿ, ಚಹಾ ಆರ್ತೈತಿ."

೨

ಮರುವರ್ಷ ಗೆರೆ ಮುಟ್ಟಿದ ಎಲ್ಲರಿಗೂ ಅಂಕ: ನಾಲ್ಕು, ಮೂರು, ಎರಡು, ಒಂದು. ಬಾಗೇವಾಡಿಯವನು ಎರಡು ಸುತ್ತು ಗೆದ್ದು ಎಂಟು ಗಳಿಸಿದ. ಮೂರನೆಯದರಲ್ಲಿ ಗಾಡಿ ಕೆಟ್ಟು ಸೊನ್ನೆ. ನಮ್ಮವರು ಮೂರೂ ಸಲ ಎರಡನೆಯವರು. ಒಟ್ಟು ಒಂಬತ್ತು!

"ಒಮ್ಮೆನೂ ಗೆಲ್ಲದಾಂವ ಹ್ಯಾಂಗ ಗೆದ್ದ? ಅಂಕ ಬರಿಯಾಕಿ ಅವನ ಹೇಣ್ತೀನೇ ಅಲ್ಲೇನು?" ಎಂದು ಬಾಗೇವಾಡಿಯವನು ಕೂಗಿದ.

"ಹೇಣ್ತಿಯಾಗಿ ಅಂಕ ಹಾಕಿದ್ರ ಇವರು ಸೊನ್ನಿ ದಾಟ್ತಿರಲಿಲ್ರಿ" ಎಂದೆ.

ಎಲ್ಲರೂ ನಕ್ಕರು. ಆದರೆ ಅವನ ಮಾತು ನನ್ನನ್ನು ಬಿಡಲಿಲ್ಲ. ಜೋರಾಗಿ ಓಡಿದವನು ದೊಡ್ಡವನೋ, ಕೆಡದೆ ಮುಟ್ಟಿದವನೋ? ತೀರ್ಮಾನವಾಗದೆ ರೆಂಟಿ ಸಾಲಿಯ ಕೋಣೆಯಲ್ಲೇ ಉಳಿಯಿತು.

೩

ಮೂರನೆಯ ವರ್ಷ ಒಂದೇ ಸುತ್ತು. ಸುಣ್ಣದ ಗೆರೆ ಮೊದಲು ದಾಟಿದವರಿಗೆ ರೆಂಟಿ. ಗಾಡಿ ಕೆಟ್ಟು ನಿಂತವನು ಮುಂದೆಂದೂ ರೇಸಿಗೆ ಬರುವಂತಿಲ್ಲ. ಅಂಜಿದ ನಾಲ್ವರೂ, ಮೊದಲು ಇನ್ನೊಬ್ಬನದು ಕೆಡಲಿ ಎಂದು ಕಾಯುತ್ತ ಆಮೆಯಂತೆ ತೆವಳಿದರು.

ಅಷ್ಟರಲ್ಲಿ ಭಾವನ ಮನೆಯಲ್ಲಿರುವ ನಮ್ಮ ಅತ್ತೆ, ತಲೆಯ ಮೇಲೆ ರೊಟ್ಟಿ ಬುಟ್ಟಿ ಹೊತ್ತು, ನಾಲ್ಕೂ ಟ್ರ್ಯಾಕ್ಟರ್ ಹಿಂದೆ ಹಾಕಿ ಗೆರೆ ದಾಟಿದರು. ಬೆನ್ನಿಗೇ ನಮ್ಮವರು. ಮತ್ತೆ ಎರಡನೆಯವರು!

"ಕಾಯ್ದೆದಾಗ ಟ್ರ್ಯಾಕ್ಟರ್ ಅಂತ ಎಲ್ಲಿ ಬರದೈತ್ರಿ? ದಾಟಿದವರಿಗೆ ಅಂತ ಐತಿ. ರೆಂಟಿ ಮುದುಕೀದು!" ಎಂದು ಬಾಗೇವಾಡಿಯವನು ಕುಣಿದ. ಮಾಸ್ತರರು ಕಾಗದ ತಿರುಗಿಸಿ ನೋಡಿ ತಲೆಯಾಡಿಸಿದರು. ನಾನೇ ಬರೆದೆ: ಮೊದಲನೆಯ ನಂಬರು, ಅತ್ತೆ.

ರೆಂಟಿ ನೇರ ಭಾವನ ಮನೆಗೆ ಹೋಯಿತು. ಈಗ ನಾವು ಕೇಳಲು ಹೋದರೆ ನೆಗೆಣ್ಣಿ ಅನ್ನುತ್ತಾಳೆ:

"ಯಾವುದು ಕೊಡ್ಲಿ, ತಂಗೀ? ನಮ್ಮ ಹಳೇದೋ, ನಿನ್ನ ಗಂಡ ಸೋತದ್ದೋ?"