ಧಾರೆ ಎರೆದ ಕಣ್ಣು

ಪಾಲಹಳ್ಳಿಯ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಹೊನ್ನಪ್ಪ ಕನ್ನಡಕಕ್ಕೆಂದು ಶ್ರೀರಂಗಪಟ್ಟಣದ ಕಣ್ಣಿನ ಶಿಬಿರಕ್ಕೆ ಹೋಗಿ, ಕನ್ನಡಕದ ಜೊತೆಗೆ ಒಂದು ಸಂಕಟವನ್ನೂ ತಂದುಕೊಂಡ. ನಾಗಮಂಗಲದ ಕಡೆಯ ಒಬ್ಬ ಹೆಂಗಸು, ಸತ್ತವರಾರೋ ಕೊಟ್ಟುಹೋದ ಕಣ್ಣಿನಿಂದ ತನ್ನ ಮೊಮ್ಮಗುವಿನ ಮುಖ ಕಂಡದ್ದನ್ನು ಅಲ್ಲಿ ಹೇಳಿಕೊಂಡು ಅತ್ತಳು. ದೇವರು ಕೊಟ್ಟದ್ದು ಮಣ್ಣುಪಾಲಾಗುವ ಬದಲು ಇನ್ನೊಬ್ಬರಿಗೆ ಬೆಳಕಾದೀತಲ್ಲ ಎಂದು ಹೊನ್ನಪ್ಪನ ಎದೆ ಕರಗಿತು. ಸತ್ತ ಮೇಲೆ ನನ್ನ ಕಣ್ಣೂ ತಗೊಳ್ಳಿ ಎಂದು ಸಹಿ ಹಾಕಿಬಿಟ್ಟ.

"ಮನೆಯವರನ್ನ ಒಪ್ಪಿಸಿ," ಎಂದರು ಡಾಕ್ಟರು. "ನೀವು ಹೋದ ಕೂಡಲೇ ನಮಗೆ ಫೋನು ಮಾಡಬೇಕಾದವರು ಅವರೇ. ಅವರು ಬೇಡ ಅಂದ್ರೆ ನಿಮ್ಮ ಸಹಿ ಇದ್ದೂ ಇಲ್ಲದ ಹಾಗೆ."

ಮನೆಯವರು ಅಂದರೆ ತಾಯಿ ಕುಳ್ಳಮ್ಮ. ಹೆಂಡತಿ ಪುಟ್ಟಗೌರಮ್ಮನೂ ಇದ್ದಳು, ಆದರೆ ಅವಳು ಒಲೆ ಹಚ್ಚುವುದೂ ಅತ್ತೆಯ ಮುಖ ನೋಡಿಯೇ. ಹೊನ್ನಪ್ಪ ತಾಯಿಯ ಮುಂದೆ ನಿಂತು, ನೀರಿನಿಂದ ತೆಗೆದ ಮೀನಿನಂತೆ ಬಾಯಿ ತೆರೆಯುವುದು, ಮುಚ್ಚುವುದು, ಹೊರಟುಹೋಗುವುದು. ಕೊನೆಗೊಂದು ಭಾನುವಾರ ಬೆಳಿಗ್ಗೆ ಡೈರಿಯಲ್ಲಿ ಹಾಲು ಅಳೆಯುವ ಗೆಳೆಯ ದಾಸಯ್ಯನ ಹತ್ತಿರ ಉಪಾಯ ಕೇಳಿದ.

"ಲೇ ದಾಸ, ಸತ್ತ ಮ್ಯಾಲೆ ಕಣ್ಣು ಕೊಡ್ತೀನಿ ಅಂತ ಬರ್ಕೊಟ್ಟಿವ್ನಿ. ಅವ್ವಂಗೆ ಎಂಗ್ಲಾ ಏಳೋದು?"

ದಾಸಯ್ಯ ಅಳತೆಯ ಪಾತ್ರೆ ಕೆಳಗಿಟ್ಟ. "ಡಾಕ್ಟ್ರು ಎಷ್ಟು ದಿನ ಅಂದವ್ರಲಾ?"

"ಎಷ್ಟು ದಿನ ಏನ್ಲಾ? ನಂಗೇನೂ ಆಗಿಲ್ಲ."

"ಏನೂ ಆಗ್ದಲೆ ಯಾವನ್ಲಾ ಸಾಯೋ ಮಾತಾಡ್ತಾನೆ? ನನ್ ತಾವೂ ಮುಚ್ಚಿಡ್ತೀಯಾ?"

ಸಾಲಿನಲ್ಲಿ ನಿಂತಿದ್ದವರು ಹಾಲು ಸುರಿದು, ಖಾಲಿ ಕ್ಯಾನಿನ ತುಂಬ ಸುದ್ದಿ ತುಂಬಿಕೊಂಡು ಮನೆಗೆ ಹೋದರು. ದಾಸಯ್ಯನೋ, ಸ್ನೇಹದ ಕರ್ತವ್ಯವೆಂದು ಎಸ್‌ಟಿಡಿ ಬೂತಿಗೆ ಓಡಿ, ಹೊಣಕೆರೆಯಲ್ಲಿದ್ದ ಪುಟ್ಟಗೌರಮ್ಮನ ಅಣ್ಣ ಶಿವಲಿಂಗಯ್ಯನಿಗೆ, "ಇದ್ದಂಗೇ ಒಂಟ್ಬನ್ನಿ," ಎಂದ.

ಹೊನ್ನಪ್ಪ ಮನೆಗೆ ಬರುವಷ್ಟರಲ್ಲಿ ಜಗುಲಿ ತುಂಬಿತ್ತು. ಒಬ್ಬಳು ಎಳನೀರು ಕೊಟ್ಟಳು. ಒಬ್ಬ ನಾಡಿ ಹಿಡಿದ. "ನೋಡ್ರವ್ವ, ಎಂಗೆ ಬಿಳುಚ್ಕೊಂಡವ್ನೆ," ಎಂದಳು ನೆರೆಯವಳು. ಬೆಳಗಿನಿಂದ ಹೊಟ್ಟೆಗೇನೂ ಇಲ್ಲದ ಹೊನ್ನಪ್ಪ ನಿಜಕ್ಕೂ ಬಿಳಿಚಿಕೊಂಡಿದ್ದ. ಅವನು ಏನು ಹೇಳಹೋದರೂ, "ಆಯಾಸ ಮಾಡ್ಕೋಬ್ಯಾಡ," ಎಂದು ಮಲಗಿಸುವವರೇ.

ಮಧ್ಯಾಹ್ನದ ಬಸ್ಸಿಗೆ ಶಿವಲಿಂಗಯ್ಯ ಅಳುತ್ತಲೇ ಬಂದಿಳಿದ. ತಂಗಿಯ ಗಂಡ ಎಳನೀರಿನ ಗಂಜಿ ಕೆರೆದುಕೊಂಡು ತಿನ್ನುತ್ತಿರುವುದನ್ನು ಕಂಡು ಅಳು ಅರ್ಧಕ್ಕೇ ನಿಂತಿತು. ಚೀಲದಿಂದ ಇಣುಕುತ್ತಿದ್ದ ದಪ್ಪ ಹೂವಿನ ಹಾರವನ್ನು ಏನು ಮಾಡುವುದೆಂದು ತಿಳಿಯದೆ, ಗೋಡೆಯ ಮೇಲಿದ್ದ ಕರಿಘಟ್ಟದ ಸ್ವಾಮಿಯ ಪಟಕ್ಕೆ ಹಾಕಿ ಕೈಮುಗಿದ.

ಆಗ ಹೊನ್ನಪ್ಪ ಎದ್ದುನಿಂತು ಎಲ್ಲವನ್ನೂ ಬಾಯಿಬಿಟ್ಟ. ಜನ ಕುಳ್ಳಮ್ಮನ ಕಡೆ ತಿರುಗಿದರು.

"ಅಲ್ಲ ಕಣ್ಲಾ," ಎಂದಳು ಮುದುಕಿ, "ಕಣ್ಣು ಕೊಟ್ಬುಟ್ರೆ, ಮಾಲಯ ಅಮಾಸೆಲಿ ಇರೀಕರಿಗೆ ಎಡೆ ಇಕ್ದಾಗ ಮನೆ ದಾರಿ ಎಂಗ್ಲಾ ಕಂಡೀಯೆ? ತಡವರಿಸ್ಕೊಂಡು ಯಾರ್ದೋ ಮನೆ ಎಡೆ ಉಂಡ್ಕೊಂಡು ಓಗ್ತೀಯಾ?"

ಪುಟ್ಟಗೌರಮ್ಮ ಸೆರಗಿನ ಮರೆಯಿಂದ ಅಂದಳು: "ಮೂಗು ಕೊಟ್ಟಿಲ್ವಲ್ಲ ಅತ್ತೆ. ಬಾಡಿನ ವಾಸ್ನೆ ಇಡ್ಕೊಂಡೇ ಬತ್ತಾರೆ ಬುಡಿ."

ಜಗುಲಿಯೆಲ್ಲ ನಕ್ಕಿತು. ಇದೇ ಸಮಯವೆಂದು ಹೊನ್ನಪ್ಪ ತಾಯಿಯ ಕಾಲ ಬಳಿ ಕುಳಿತ. "ಅವ್ವ, ಇದು ದಾನ ಕಣವ್ವ. ಕಾಣ್ದೋರ್ಗೆ ಬೆಳಕು ಕೊಡೋದು. ಸ್ವಾಮಿ ಬ್ಯಾಡ ಅಂದಾನಾ?"

ದಾನ ಎಂಬ ಮಾತಿಗೆ ಕುಳ್ಳಮ್ಮನ ಮುಖ ಮೆತ್ತಗಾಯಿತು. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದವಳಲ್ಲ ಅವಳು. ಎದ್ದು ಪಟಕ್ಕೆ ಕೈಮುಗಿದಳು. "ದಾನ ಅಂದ್ಮ್ಯಾಲೆ ಸಾಸ್ತ್ರವಾಗೇ ಆಗ್ಲಿ. ಧಾರೆ ಎರ್ದು ಕೊಡು."

ಚೊಂಬಿನಲ್ಲಿ ನೀರು, ತುಳಸಿ ಬಂತು. ಹೆಂಡತಿ ನೀರು ಹೊಯ್ದಳು. ಹೊನ್ನಪ್ಪ ಪೂರ್ವಕ್ಕೆ ಮುಖಮಾಡಿ, "ಈ ಕಣ್ಣು ನಂದಲ್ಲ," ಎಂದು ಮೂರು ಸಲ ಹೇಳಿದ.

"ಫೋನು ನಾನೇ ಮಾಡುಸ್ತೀನಿ. ನಾನಿಲ್ದಿದ್ರೆ ಸೊಸೆ ಮಾಡುಸ್ತಾಳೆ," ಎಂದಳು ಕುಳ್ಳಮ್ಮ. ಇಷ್ಟು ಸುಲಭವಾಗಿ ಆಗುವುದಕ್ಕೆ ಇಷ್ಟು ದಿನ ಒದ್ದಾಡಿದೆನಲ್ಲ ಎಂದು ಹೊನ್ನಪ್ಪನಿಗೆ ತನ್ನ ಮೇಲೇ ನಗು ಬಂತು.

ಸಂಜೆಯಾಯಿತು. ಸಾವು ನೋಡಲು ಬಂದವರು ಟಿ.ವಿ.ಯಲ್ಲಿ ಸಿನಿಮಾನಾದರೂ ನೋಡಿಕೊಂಡು ಹೋಗೋಣವೆಂದು ಕುಳಿತರು. ಹೊನ್ನಪ್ಪ ಎಲ್ಲರಿಗಿಂತ ಮುಂದೆ ಚಕ್ಕಳಮಕ್ಕಳ ಹಾಕಿದ. ತೆರೆಯ ಮೇಲೆ ಹೆಸರು ಬೀಳುತ್ತಿದ್ದಂತೆ ಹಿಂದಿನಿಂದ ಒಂದು ಟವಲು ಬಂದು ಅವನ ಮುಖದ ಮೇಲೆ ಬಿತ್ತು.

"ಏನವ್ವ ಇದು?"

"ದಾನ ಕೊಟ್ಟ ಹಸುವಿನ ಹಾಲ ಕೊಟ್ಟೋರೇ ಕರ್ಕೊಂಡು ಕುಡೀತಾರೇನ್ಲಾ? ಒಡೇರು ಬರೋಗಂಟ ನೀನು ಬರೀ ಕಾಯೋನು. ಡೈರಿ ಕೆಲ್ಸಕ್ಕೆ, ದಾರಿ ನಡ್ಯಾಕೆ ಆಯ್ತದೆ, ಬುಡು. ಸೋಕಿಗೆಲ್ಲ ಸವೆಸ್ಬ್ಯಾಡ."

"ನಾನಿನ್ನೂ ಬದುಕಿವ್ನಿ ಕಣವ್ವ!"

"ಬದುಕಪ್ಪ, ಯಾರು ಬ್ಯಾಡ ಅಂದೋರು? ಕಣ್ಣಿನ ತಂಟೆಗೆ ಮಾತ್ರ ಓಗ್ಬ್ಯಾಡ."

ಊರವರೂ ಹೌದು ಹೌದೆಂದರು. ಶಿವಲಿಂಗಯ್ಯನಂತೂ, ಕೊಟ್ಟದ್ದನ್ನು ಮತ್ತೆ ಅನುಭವಿಸಿದರೆ ಏಳು ತಲೆಮಾರಿಗೆ ದೋಷ ಎಂದ. ಹೊನ್ನಪ್ಪ ಗೋಡೆಗೆ ಮುಖಮಾಡಿ ಕುಳಿತ. ಬೆನ್ನ ಹಿಂದೆ ಹಾಡು ಶುರುವಾಯಿತು, ಜನ ಚಪ್ಪಾಳೆ ತಟ್ಟಿದರು. ತಡೆಯಲಾರದೆ ಟವಲು ಸರಿಸಿ, ಕತ್ತು ಓರೆಮಾಡಿ, ಒಂದೇ ಒಂದು ಕಣ್ಣು ಬಿಟ್ಟ.

ಜನರ ನಡುವಿನಿಂದ ದಾಸಯ್ಯ ಎದ್ದು ಕೂಗಿದ: "ಕುಳ್ಳವ್ವೋ, ಬಾ ಇಲ್ಲಿ! ಇವ್ನು ಯಾರ್ದೋ ಕಣ್ಣಲ್ಲಿ ಪುಗಸಟ್ಟೆ ಸಿನಿಮಾ ನೋಡ್ತಾವ್ನೆ!"