ಕೆರೆ ಗೇಟಿನ ಕಂಡಕ್ಟರು

ಆ ಬೀಗಕ್ಕೆ ನಾನು ಕೊಟ್ಟದ್ದು ಆರುನೂರ ಐವತ್ತು ರೂಪಾಯಿ. ತಾಳವಾಡಿಯ ಅಂಗಡಿಯವನು ಒಂಬೈನೂರು ಹೇಳಿದ. ನಾನು ಬೀಗವನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿ, ಮುಖ ಹುಳ್ಳಗೆ ಮಾಡಿಕೊಂಡು, ಅಂಗಡಿಯ ಮೆಟ್ಟಿಲಿಳಿದು ಹೊರಟೇಬಿಟ್ಟೆ. ಮೂರನೆಯ ಹೆಜ್ಜೆಗೆ ಕೂಗಿದ. (ಯಾವ ಅಂಗಡಿಯಲ್ಲೇ ಆಗಲಿ, ಮೂರು ಹೆಜ್ಜೆ ಹಾಕುವವರೆಗೆ ಹಿಂದಿರುಗಿ ನೋಡಬೇಡಿ. ಬರೆದಿಟ್ಟುಕೊಳ್ಳಿ!) ಹಿತ್ತಾಳೆಯ ಬೀಗ, ಎರಡು ಕೀ, ಮಳೆಗೆ ತುಕ್ಕು ಹಿಡಿಯುವ ಮಾತೇ ಇಲ್ಲ. ನಮ್ಮ ಕೆರೆದಂಡೆಯ ಗೇಟಿಗೆಂದು ತಂದದ್ದು. ತಂದು ಎರಡು ಬೇಸಿಗೆ ಕಳೆಯಿತು, ಇವತ್ತಿನವರೆಗೆ ಒಂದು ದಿನವೂ ಹಾಕಿಲ್ಲ. ಕಾರಣ ನಮ್ಮ ಭಾವ.

ನಮ್ಮ ಭಾವ, ಅಂದರೆ ನಮ್ಮ ಅಕ್ಕನ ಗಂಡ, ಸರ್ಕಾರಿ ಬಸ್ಸಿನ ಕಂಡಕ್ಟರ್ ಕೆಲಸದಿಂದ ನಿವೃತ್ತರಾಗಿ ಆರು ವರ್ಷವಾಯಿತು. ಅವರು ಬಸ್ಸಿನಿಂದ ಇಳಿದಿದ್ದಾರೆ, ಬಸ್ಸು ಇನ್ನೂ ಅವರಿಂದ ಇಳಿದಿಲ್ಲ! ಮನೆಯ ಹಜಾರದಲ್ಲೂ ಕಾಲು ಅಗಲಿಸಿ, ಒಂದು ಭುಜವನ್ನು ಗೋಡೆಗೆ ಆನಿಸಿಕೊಂಡೇ ನಡೆಯುತ್ತಾರೆ. ಘಾಟಿಯ ತಿರುವುಗಳಲ್ಲಿ ಜನ್ಮವೆಲ್ಲ ನಿಂತು ಟಿಕೆಟ್ ಹರಿದವರಿಗೆ ಸಮತಟ್ಟಾದ ನೆಲದ ಮೇಲೆ ನಂಬಿಕೆ ಬರುವುದಾದರೂ ಹೇಗೆ? ಮದುವೆ ಮನೆಯ ಪಂಕ್ತಿಯಲ್ಲಿ ಬಾಗಿಲಿನಿಂದ ಒಳಗಿನವರೆಗೆ ತಲೆ ಎಣಿಸುತ್ತಾ ಬರುತ್ತಾರೆ. ಒಮ್ಮೆ ಹಾಗೆ ಎಣಿಸಿ ಮುಗಿಸಿ, ಹಳೆಯ ಗತ್ತಿನಲ್ಲಿ "ಟಿಕೆಟ್ ಯಾರ್ದು ಬಾಕಿ?" ಎಂದದ್ದಕ್ಕೆ, ತುತ್ತು ಬಾಯಿಗಿಟ್ಟಿದ್ದ ಬೀಗರ ಕಡೆಯ ಹಿರಿಯರೊಬ್ಬರು ಗಾಬರಿಯಾಗಿ ಎಡಗೈಯಲ್ಲಿ ಜೇಬು ತಡಕಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಕ್ಕ ದೋಸೆ ಹುಯ್ಯುವಾಗ "ಎರಡು ಫುಲ್ಲು, ಒಂದು ಆಫು" ಎನ್ನುತ್ತಾರೆ. ಅಕ್ಕನೂ ಸುಮ್ಮನಿಲ್ಲ: "ಆಫ್ ಟಿಕೆಟ್ ಐಕ್ಳಿಗ ಮಾತ್ರ. ನಿಮ್ ವಯಸ್ಸೇನು?"

ಈ ಗಂಡನ್ನು ಅಕ್ಕನಿಗೆ ಗೊತ್ತು ಮಾಡಿದವನು ನಾನೇ. ಆಗ ನನಗೆ ಹತ್ತೊಂಬತ್ತು. ಗೆಟ್ಟವಾಡಿಯಿಂದ ತಲೆಯ ಮೇಲೆ ಕೊತ್ತಂಬರಿ ಕಟ್ಟು ಹೊತ್ತು ಚಾಮರಾಜನಗರದ ಮಾರ್ಕೆಟ್ಟಿಗೆ ಹೋಗುತ್ತಿದ್ದೆ. ಬೆಳಗಿನ ಮೊದಲ ಬಸ್ಸು ಐದೂ ನಲವತ್ತಕ್ಕೆ. ನಾಲ್ಕು ವರ್ಷದಲ್ಲಿ ಒಂದು ದಿನವೂ ಆ ಬಸ್ಸು ತಪ್ಪಿಸಿಕೊಂಡವನಲ್ಲ! ಇವತ್ತು ಎರಡು ತರಕಾರಿ ಲಾರಿ, ಕೆರೆಯೆದುರಿಗೆ ಮನೆ, ಎಲ್ಲವೂ ಆ ಐದೂ ನಲವತ್ತರ ಫಲ ಎಂದು ನನ್ನ ಮಕ್ಕಳಿಗೆ, ಅಳಿಯನಿಗೆ, ಡ್ರೈವರುಗಳಿಗೆ ಹೇಳಿದ್ದೇನೆ. ಊರ ಶಾಲೆಯವರು ಕರೆದಾಗ ಎರಡು ಸಲ ಭಾಷಣವನ್ನೂ ಮಾಡಿದ್ದೇನೆ. ಆ ಬಸ್ಸಿನ ಕಂಡಕ್ಟರು ಮದುವೆಯಾಗದ ಮನುಷ್ಯ, ಸರ್ಕಾರಿ ಸಂಬಳ, ಚಿಲ್ಲರೆಯನ್ನು ಕೇಳುವ ಮೊದಲೇ ಕೊಡುತ್ತಿದ್ದರು. ಇದಕ್ಕಿಂತ ಜಾತಕ ಬೇಕೆ?

ಈಗ ನಮ್ಮ ಬಡಾವಣೆಯ ವಿಷಯ. ಕನ್ನಡ, ತಮಿಳು ಎರಡೂ ನಡೆಯುವ ಗಡಿಸೀಮೆ ನಮ್ಮದು. ತಿಗನಾರೆ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಹಳೆಯ ಕೆರೆಯ ಅಂಚಿನಲ್ಲಿ ಇಪ್ಪತ್ತೆರಡು ಮನೆ. ಅರ್ಧ ನಮ್ಮಂಥ ಇಲ್ಲಿನವರದು, ಇನ್ನರ್ಧ ಕೆಳಗಿನ ಬಯಲುಸೀಮೆಯಿಂದ ಶನಿವಾರ ಬಂದು ಸೋಮವಾರ ಹೋಗುವವರದು. ಕೆರೆ ಪಂಚಾಯತಿಯದು, ಅದರ ಈ ಬದಿಯ ದಂಡೆ, ದಂಡೆಗೆ ಹಾಕಿದ ಬೇಲಿ, ಬೇಲಿಯ ಒಂದೇ ಒಂದು ಗೇಟು ಬಡಾವಣೆಯದು. ಇದನ್ನೆಲ್ಲ ನೋಡಿಕೊಳ್ಳಲು ಒಂದು ಸಂಘ. ಅಧ್ಯಕ್ಷರನ್ನು ಇಲ್ಲಿನ ರೂಢಿಯಂತೆ ತಲೈವರು ಎನ್ನುತ್ತೇವೆ. ನಮ್ಮ ತಲೈವರು ಕೊಯಮತ್ತೂರಿನಲ್ಲಿ ಪಂಪ್‌ಸೆಟ್ ಮಾರಿ ಬೆಳೆದವರು, ಬಿಳಿ ಪಂಚೆ ಬಿಟ್ಟರೆ ಇನ್ನೊಂದು ಉಡದವರು, ಗುಲಾಬಿ ಗಿಡಗಳ ಹುಚ್ಚಿನವರು. ಕಾರ್ಯದರ್ಶಿ ನಾನು.

ಕಾರ್ಯದರ್ಶಿ ಅಂದರೆ ಏನೆಂದುಕೊಂಡಿರಿ? ಎಲ್ಲರಿಗೂ ಸೇರಿದ ವಸ್ತುವಿನ ಮೇಲೆ ಎಲ್ಲರಿಗೂ ಕೋಪ, ಆ ಕೋಪಗಳೆಲ್ಲ ಬಂದು ಇಳಿಯುವ ನಿಲ್ದಾಣ! ಹೊಂಗೆ ಮರದ ನೆರಳಿನಲ್ಲಿರುವ ಒಂದೇ ಕಲ್ಲುಬೆಂಚಿಗೆ ಜಗಳ. ಕಾಲಲ್ಲಿ ತುಳಿಯುವ ಒಂದೇ ದೋಣಿಗೆ ಜಗಳ. ಕೊನೆಗೆ ಒಂದು ಉಪಾಯ ಹೊಳೆಯಿತು. ಅಕ್ಕನೊಂದಿಗೆ ನಮ್ಮ ಮನೆಯಲ್ಲೇ ಇದ್ದು ದಿನವಿಡೀ ಕೆರೆ ನೋಡುತ್ತಾ ಕೂರುವ ಭಾವನನ್ನೇ ದಂಡೆಯ ಮೇಲ್ವಿಚಾರಕರನ್ನಾಗಿ ಮಾಡಿದರೆ? ಸಂಬಳವಿಲ್ಲ, ಒಂದು ಪ್ಲಾಸ್ಟಿಕ್ ಕುರ್ಚಿ ಸಾಕು. ನನ್ನ ಜೀವಮಾನದ ಅಗ್ಗದ ವ್ಯಾಪಾರವೆಂದು ಬೀಗಿದೆ.

ಮರುದಿನ ಬೆಳಿಗ್ಗೆ ಭಾವ ಖಾಕಿ ಅಂಗಿ ತೊಟ್ಟು, ಕೊರಳಿಗೆ ಹಳೆಯ ವಿಶಲ್ ತೂಗುಹಾಕಿಕೊಂಡು ಬಂದರು. ನನಗೆ ಆಗಲೇ ಅರ್ಥವಾಗಬೇಕಿತ್ತು!

ಮಧ್ಯಾಹ್ನದ ಹೊತ್ತಿಗೆ ಕಲ್ಲುಬೆಂಚಿನ ಮೇಲೆ ಬಿಳಿ ಬಣ್ಣದಲ್ಲಿ ಒಂದರಿಂದ ಐದರವರೆಗೆ ಸೀಟು ನಂಬರು ಬಿದ್ದಿತ್ತು. ಒಂದು, ಎರಡು ಹೆಂಗಸರಿಗೆ, ಮೂರು ವಯಸ್ಸಾದವರಿಗೆ, ಐದು ಕಂಡಕ್ಟರಿಗೆ. ಅಷ್ಟು ಉದ್ದದ ಬೆಂಚಿನಲ್ಲಿ ಸಾರ್ವಜನಿಕರಿಗೆ ಉಳಿದದ್ದು ನಾಲ್ಕನೆಯದೊಂದೇ. ದೋಣಿಗೆ ತಲೈವರು ತಮ್ಮ ಹೆಂಡತಿಯನ್ನೂ ನಾದಿನಿಯನ್ನೂ ಕರೆತಂದರೆ, ಭಾವ ಇಬ್ಬರು ಹೆಂಗಸರನ್ನು ಹತ್ತಿಸಿ ತಲೈವರಿಗೆ ಅಡ್ಡ ಕೈ ಹಿಡಿದರು.

"ಸಾ, ನೀವು ಮುಂದಿನ್ ಟ್ರಿಪ್ಪು."

"ಎನ್ನಯ್ಯಾ ಇದು! ನಾನು ತಲೈವರು!"

"ಗೊತ್ತು ಸಾ. ತಲೆ ಲೆಕ್ಕದಲ್ಲಿ ಅದೂ ಒಂದೇಯ."

ಎರಡು ಸಲ ವಿಶಲ್ ಊದಿದರು. ದೋಣಿ ಹೊರಟೇಹೋಯಿತು, ತಲೈವರು ದಡದಲ್ಲಿ!

ಸಂಜೆ ಆರಕ್ಕೆ ಒಂದು ಉದ್ದನೆಯ ವಿಶಲ್. ಅದಾದ ಮೇಲೆ ದಂಡೆಯಲ್ಲಿ ನರಪಿಳ್ಳೆ ನಿಲ್ಲುವಂತಿಲ್ಲ, ಏಕೆಂದರೆ ಆಚೆ ದಡದ ಕಾಡಿನಿಂದ ಆನೆ ನೀರಿಗಿಳಿಯುವ ಹೊತ್ತು. "ಪ್ರಾಣಿಗಳಿಗೆ ಪ್ರವೇಶವಿಲ್ಲ ಅಂತ ಒಂದು ಬೋರ್ಡು ಹಾಕಿದರೇನು?" ಎಂದು ತಲೈವರು ಕೇಳಿದಾಗ ಭಾವ ನಿಜವಾಗಿ ಯೋಚಿಸಿದರು: "ಆಕ್ಬೋದು ಸಾ. ಆದ್ರ ಆನೆಗ ಯಾವ್ ಬಾಸೇಲಿ ಬರ್ಸದು? ಬಾಡರ್ ಆ ಕಡೀಕೂ ಓಯ್ತವ, ಈ ಕಡೀಕೂ ಬತ್ತವ."

ಹೀಗೆ ನಡೆಯುತ್ತಿದ್ದ ವ್ಯವಸ್ಥೆಗೆ ಕುತ್ತು ಬಂದದ್ದು ಸಗಣಿಯಿಂದ.

ತಿಗನಾರೆಯ ಸಣ್ಣಮ್ಮ ಎಂಬಾಕೆ ನಾಲ್ಕಾರು ಮನೆಯವರ ದನಗಳನ್ನು ಕೂಲಿಗೆ ಮೇಯಿಸುತ್ತಾಳೆ. ಬೇಸಿಗೆಯಲ್ಲಿ ಸುತ್ತಲಿನ ಕಟ್ಟೆಗಳೆಲ್ಲ ಬತ್ತಿ, ಈ ಕೆರೆಯೊಂದರಲ್ಲೇ ನೀರು. ಬೇಲಿ ಬಂದ ಮೇಲೆ ಆಕೆಯ ದನ ನೀರಿಗಿಳಿಯುವುದಕ್ಕೆ ನಮ್ಮ ಗೇಟೇ ದಾರಿ. ಒಂದು ಭಾನುವಾರ ತಲೈವರು ನೆಂಟರಿಗೆ ಕೆರೆ ತೋರಿಸುತ್ತಾ ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಟ್ಟು, ಆಗಷ್ಟೇ ಬಿದ್ದ ಸಗಣಿಯ ಮೇಲೆ ಬಿಳಿ ಪಂಚೆಸಮೇತ ಕೂತುಬಿಟ್ಟರು. ಎತ್ತಲು ಓಡಿದ ಭಾವ ಸುಮ್ಮನೆ ಎತ್ತಬಾರದೆ?

"ಬೇಜಾರ್ ಮಾಡ್ಕಬ್ಯಾಡಿ ಸಾ. ದೀಪಾವಳಿ ಆದ್ಮೇಲ ಗುಮಟಾಪುರದ್ ಸಗಣಿ ಅಬ್ಬದಲ್ಲಿ ಇದ್ನ ಮೈಗ ಒಡಿಸ್ಕಳಕ ಎಲ್ಲೆಲ್ಲಿಂದ್ಲೋ ಜನ ಬತ್ತರ. ನಿಮ್ಗ ಈಗ್ಲೇ ಸಿಕ್ತು!"

ಅದೇ ಸಂಜೆ ತುರ್ತುಸಭೆ. ದನಗಳಿಗೆ ಗೇಟು ಪೂರ್ತಿ ಬಂದ್ ಮಾಡಿ ಬೀಗ ಜಡಿಯಬೇಕೆಂದು ತಲೈವರು. "ಕೆರೆ ಪಂಚಾಯತಿಯದು, ಒಪ್ಪಿದೆ. ಕೆರೆಗೆ ಇಳಿಯುವ ದಾರಿ ನಮ್ಮದು." ಹಿಂದಿನ ಸಾಲಿನಿಂದ ಭಾವ: "ಬಸ್ಸು ಸರ್ಕಾರದ್ದು, ಪುಟ್‌ಬೋರ್ಡು ನಿಮ್ದಾ ಸಾ?" ಸಭೆ ಕಾವೇರುವ ಮೊದಲು ನಾನು ಮಧ್ಯೆ ಬಿದ್ದೆ. ಒಂದು ಕಡೆ ಪೂರ್ತಿ ಬಂದ್, ಇನ್ನೊಂದು ಕಡೆ ಪೂರ್ತಿ ಓಪನ್. ನಡುವೆ ಎಳೆದು, ಜಗ್ಗಿ, ಕಡೆಗೆ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ದನಗಳಿಗೆ ಗೇಟು ತೆರೆದಿರುವುದು, ನಾಲ್ಕಕ್ಕೆ ಸರಿಯಾಗಿ ಬೀಗ ಎಂದು ಇತ್ಯರ್ಥ ಮಾಡಿಸಿದೆ. ಸೊನ್ನೆಯಿಂದ ಒಂದು ಗಂಟೆ ಗಿಟ್ಟಿಸಿದ ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಭಾವ ಮಾತ್ರ ಮನೆಯ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದರು: "ಸಣ್ಣಮ್ಮನ್ ಕೈಲಿ ವಾಚ್ ಇದ್ದದೇನ್ಲಾ?"

ಮರುದಿನ ಬೀಗ ತಂದೆ. ನಾಲ್ಕು ಗಂಟೆಗೆ ಐದು ನಿಮಿಷವಿರುವಾಗ ತಲೈವರೂ ನಾನೂ ಗೇಟಿಗೆ ಹೋದರೆ, ಭಾವ ಗೇಟಿನ ಕೆಳಗಿನ ಅಡ್ಡಪಟ್ಟಿಯ ಮೇಲೆ ಒಂದು ಕಾಲಿಟ್ಟು, ಒಂದು ಕೈಯಲ್ಲಿ ಕಂಬ ಹಿಡಿದು, ಹೊರಗೆ ಬಾಗಿ ರಸ್ತೆಯ ಕಡೆ ನೋಡುತ್ತಾ ನಿಂತಿದ್ದಾರೆ. ದನ ಒಂದೂ ಬಂದಿರಲಿಲ್ಲ. ದೂರದ ಇಳಿಜಾರಿನಲ್ಲಿ ಮಾತ್ರ ಸ್ವಲ್ಪ ಧೂಳು.

"ನಾಲ್ಕಾಯಿತು," ಎಂದರು ತಲೈವರು.

"ಬತ್ತಾವ್ಳ ಸಾ. ಅಗೋ, ಕುಂಟ್ ಅಸ ಒಂದದ, ಅದ್ರಿಂದ ತಡ."

"ರೂಲ್ಸ್ ಅಂದರೆ ರೂಲ್ಸು."

"ಭಾವ, ಇಳೀರಿ," ಎಂದೆ ನಾನು. "ನಾಳೆ ಬೇಗ ಬರಲಿ. ಟೈಮಿಗೆ ಬರುವುದು ಕಲಿಯಬೇಕು. ನಾನು ನಾಲ್ಕು ವರ್ಷ..."

"ಇವತ್ತು ಇಲ್ಲಿ ಕುಡಿದೆ ಓದ್ರ, ಮುಂದಿನ್ ನೀರು ಗುಡ್ಡದ್ ಆಚೀಕ. ಓಗದ್ರೊಳ್ಗ ಆನೆ ಒತ್ತಾಯ್ತದ. ಆ ಎಂಗ್ಸು ದನ ಬುಟ್ ಬರಾಳಲ್ಲ ಕಣ್ಲಾ. ರಸ್ತ ನೋಡ್ದೆ ರೈಟ್ ಕೊಡಕ ನನ್ ಕೈಲಾಗದಿಲ್ಲ."

"ರೀ, ಗೇಟಿನಿಂದ ಇಳೀತೀರೋ ಇಲ್ಲವೋ?" ತಲೈವರ ಧ್ವನಿ ಏರಿತು.

ಭಾವ ವಿಶಲ್ ಬಾಯಿಗಿಟ್ಟು ಒಂದೇ ಸಲ ಊದಿದರು. ಒಂದು ಅಂದರೆ ನಿಲ್ಲು. ಬಡಾವಣೆಯ ಬಾಗಿಲುಗಳೆಲ್ಲ ತೆರೆದವು. ಎಲ್ಲರೂ ಬಂದು ಸುತ್ತ ನಿಂತರು. ನಾನು ಬೀಗ ಹಿಡಿದು ಮುಂದೆ ಹೋದೆ. ಸಂಘದ ತೀರ್ಮಾನ, ನಾನೇ ಕುದುರಿಸಿದ ತೀರ್ಮಾನ. ಭಾವನೆಂದು ಬಿಟ್ಟರೆ ನಾಳೆ ನನ್ನ ಮಾತಿಗೆ ಬೆಲೆಯೇನು?

"ಕೈ ತೆಗೀರಿ ಭಾವ. ಯಾರಿಗೋಸ್ಕರವೂ ಟೈಮು ಕಾಯುವುದಿಲ್ಲ. ಐದೂ ನಲವತ್ತರ ಬಸ್ಸು ನನಗೋಸ್ಕರ ಯಾವತ್ತಾದರೂ ಕಾದಿತ್ತೇ?"

ಗುಂಪಿನ ಹಿಂದಿನಿಂದ ಅಕ್ಕ ಬಂದಳು. ಕೈಯಲ್ಲಿ ಗಂಡನ ಕಾಫಿಯ ಫ್ಲಾಸ್ಕು.

"ಐದೂ ನಲವತ್ತು ಅಂತ ನಿಂಗ ಯೋಳ್ದವ್ರ್ಯಾರ್ಲಾ?" ಎಂದಳು. "ಆ ಬಸ್ಸಿನ್ ಟೈಮು ಐದೂವರೆ."

"ಏನು?"

"ಐದೂವರೆ ಕಣ. ನಾಕ್ ವರ್ಸ ಒಂದ್ ದಿನಾರ ಟೈಮ್‌ಗ ಬಂದಿದ್ದಾ ನೀನು? ತಡ್ವಾಗ್ ಬುಟ್ರಿ ಅಂತ ಆಫೀಸ್ನವ್ರು ಕೊಟ್ ಮೆಮೊ ಅನ್ನೊಂದವ ನಮ್ ಟ್ರಂಕಲ್ಲಿ. ವರ್ಸ್ ವರ್ಸ ಧೂಳ್ ಒಡ್ದು ಮಡಗಾವ್ಳು ನಾನು. ಇಸ್ಕೂಲಲ್ಲಿ ನೀ ಬಾಸಣ ಬುಟ್ಟಾಗ ಯೋಳನ ಅಂದ್ರ, ಈವಪ್ಪ ಬ್ಯಾಡ ಅಂತ ನನ್ ಕೈ ಇಸಕದು."

ನಾನು ಭಾವನ ಮುಖ ನೋಡಿದೆ. ಅವರು ನನ್ನನ್ನು ನೋಡಲಿಲ್ಲ, ರಸ್ತೆಯನ್ನೇ ನೋಡುತ್ತಿದ್ದರು.

"ಬಸ್ಸಲ್ಲಿ ಜನ ಬೈಯ್ಯೋರು," ಎಂದರು ನಿಧಾನವಾಗಿ. "ಏನ್ ಮಾಡನ? ಅಷ್ಟ್ ದೂರದಲ್ಲಿ ತಲೆ ಮ್ಯಾಲ ಕಟ್ ಒತ್ಕಂಡ್ ಓಡಿ ಬರಾದು ಕಾಣದು. ಇಬ್ನಿ ಮುಚ್ಕಂಡಿದ್ ದಿನ ಕಾಣ್ತಾನೇ ಇರ್ನಿಲ್ಲ. ಆವಾಗ ಕೊತ್ತಂಬ್ರಿ ವಾಸ್ನ ಬಂದ್ಮೇಲ ರೈಟ್ ಕೊಡ್ತಿದ್ದಿ ನಾನು."

ಇಪ್ಪತ್ತೆರಡು ಮನೆಯವರ ಎದುರಿಗೆ ನನ್ನ ಎರಡು ಲಾರಿ, ಮನೆ, ಎರಡು ಭಾಷಣ, ಎಲ್ಲ ಆ ಹತ್ತು ನಿಮಿಷದ ಮೇಲೆ ನಿಂತಿದ್ದವು. ಚೌಕಾಸಿ ಮಾಡದೆ ನಾನು ಪಡೆದದ್ದು ಬದುಕಿನಲ್ಲಿ ಅದೊಂದೇ; ಪಡೆದೆನೆಂದೇ ಗೊತ್ತಿರಲಿಲ್ಲ.

ಬೀಗವನ್ನು ಜೇಬಿಗಿಳಿಸಿದೆ. "ಸರ್, ಇವತ್ತು ಬೀಗ ಹಾಕುವುದಿಲ್ಲ. ನಾಳೆಯೂ ಇಲ್ಲ. ಬೇಕಾದರೆ ಕಾರ್ಯದರ್ಶಿ ಕೆಲಸ ಬೇರೆ ಯಾರಾದರೂ ತಗೊಳ್ಳಿ," ಎಂದೆ. ತಲೈವರು ಸುತ್ತ ನೋಡಿದರು. ಉಳಿದ ಇಪ್ಪತ್ತು ಮನೆಯವರೂ ಏಕಕಾಲಕ್ಕೆ ಕೆರೆಯ ಸೌಂದರ್ಯ ನೋಡತೊಡಗಿದರು! ಆ ಹುದ್ದೆಗೆ ಇವತ್ತಿನವರೆಗೂ ಇನ್ನೊಬ್ಬ ಅಭ್ಯರ್ಥಿ ಹುಟ್ಟಿಲ್ಲ.

ಬಿಸಿ ಇರುವಾಗಲೇ ವ್ಯಾಪಾರ ಮುಗಿಸಬೇಕಲ್ಲ? "ಸರ್, ಗುಲಾಬಿಗೆ ನೀವು ಗೊಬ್ಬರವನ್ನು ಮೂಟೆ ಲೆಕ್ಕದಲ್ಲಿ ಕೆಳಗಿನಿಂದ ತರಿಸುತ್ತೀರಿ. ಇಲ್ಲಿ ದಿನವೂ ಮನೆ ಬಾಗಿಲಿಗೆ ತಂದು ಹಾಕಿಹೋಗುತ್ತಿವೆ. ಬಾಚಿಸುವ ಜವಾಬ್ದಾರಿ ನನ್ನದು, ಗೊಬ್ಬರ ನಿಮ್ಮದು," ಎಂದೆ. ತಲೈವರು ಪಂಚೆಯ ಅಂಚು ಎತ್ತಿ ಹಿಡಿದು, "ದಿನವೂ ಬಾಚಿಸಬೇಕು," ಎಂದರು. ಅಷ್ಟರಲ್ಲಿ ಸಣ್ಣಮ್ಮ ಏದುಸಿರು ಬಿಡುತ್ತಾ ಬಂದಳು, ಕುಂಟು ಹಸುವಿನ ಬೆನ್ನ ಮೇಲೆ ಒಂದು ಕೈ. "ಟೈಮಾಗೋಯ್ತಾಪ್ಪ?" ಎಂದು ಕೇಳಿದಳು.

"ಇಲ್ಲ ಬಾರವ್ವ," ಎಂದರು ಭಾವ. ಒಂದೊಂದಾಗಿ ತಲೆ ಎಣಿಸಿ ಒಳಗೆ ಬಿಟ್ಟರು. ಕೊನೆಯದು ದಾಟಿದ ಮೇಲೆ ಇನ್ನೊಮ್ಮೆ ರಸ್ತೆಯ ಕಡೆ ಬಾಗಿ ನೋಡಿ, ಎರಡು ಸಲ ವಿಶಲ್ ಊದಿದರು.

ಈಗ ಕೆರೆಯ ಪಕ್ಕ ಮನೆ ಕೊಳ್ಳಬೇಕೆಂದಿರುವ ನಿಮಗೆ ನಾಲ್ಕು ಮಾತು. ಮಾರುವವನು ತೋರಿಸುವ ನೀರನ್ನು ನೋಡಬೇಡಿ, ನೀರಿಗಿಳಿಯುವ ದಾರಿ ಯಾರದು ಎಂದು ಕೇಳಿ. ಬೆಂಚು, ದೋಣಿ ಯಾವುದಾದರೂ ಒಂದೇ ಇದ್ದರೆ ಕಾರ್ಯದರ್ಶಿಯಾಗಲು ಒಪ್ಪಬೇಡಿ. ಅಂಗಡಿಯಲ್ಲಿ ಮೂರು ಹೆಜ್ಜೆ ಹಿಂದಿರುಗದೆ ನಡೆಯಿರಿ ಎಂದಿದ್ದೆನಲ್ಲ, ಅದನ್ನು ಅಂಗಡಿಗಷ್ಟೇ ಇಟ್ಟುಕೊಳ್ಳಿ. ಗೇಟು ಮುಚ್ಚುವಾಗ ಹಿಂದಿರುಗಿ ಒಮ್ಮೆ ರಸ್ತೆ ನೋಡಿ. ಮತ್ತೆ, ಒಳ್ಳೆಯ ಹಿತ್ತಾಳೆಯ ಬೀಗ ಬೇಕಾದವರು ನನ್ನ ಹತ್ತಿರ ಬನ್ನಿ. ಎರಡು ಕೀ, ಒಂದು ದಿನವೂ ಬಳಸಿಲ್ಲ, ಆರುನೂರಕ್ಕೆ ಒಂದು ರೂಪಾಯಿ ಕಮ್ಮಿ ಮಾಡುವುದಿಲ್ಲ. ಬರುವುದು ಸ್ವಲ್ಪ ತಡವಾದರೂ ಚಿಂತೆಯಿಲ್ಲ, ಗೇಟಿನ ಹತ್ತಿರ ಒಬ್ಬರು ಕಾಯುತ್ತಿರುತ್ತಾರೆ.